ಟವರ್ ಕೈಕೊಟ್ಟಾಗಲೂ ವಾಕಿಟಾಕಿ ಮಾತನಾಡಬೇಕು

ಹಳೆಯ ಪೊಲೀಸ್ ವೈರ್‌ಲೆಸ್‌ನಲ್ಲಿ ಠಾಣೆಗೆ ಇಂತಿಷ್ಟು ಎಂದು ಚಾನೆಲ್ ಹಂಚಿರುತ್ತಾರೆ. ಒಂದು ಚಾನೆಲ್‌ನಲ್ಲಿ ನೂಕುನುಗ್ಗಲು ಇದ್ದಾಗ ಪಕ್ಕದ ಚಾನೆಲ್ ಖಾಲಿ ಬಿದ್ದಿರುತ್ತದೆ. ಟ್ರಂಕಿಂಗ್ ವ್ಯವಸ್ಥೆ ಎಲ್ಲ ಚಾನೆಲ್‌ಗಳನ್ನೂ ಒಟ್ಟುಗೂಡಿಸಿ, ಬೇಕೆಂದವರಿಗೆ ಬೇಕಾದಷ್ಟು ಹೊತ್ತು ಮಾತ್ರ ಕೊಡುತ್ತದೆ. ಬಟನ್ ಒತ್ತಿದಾಗ ಸೆಟ್ ಮೊದಲು, ಚಾನೆಲ್ ಹಂಚುವ ಕೆಲಸಕ್ಕೆಂದೇ ಮೀಸಲಾದ ಕಂಟ್ರೋಲ್ ಚಾನೆಲ್‌ಗೆ ಕೋರಿಕೆ ಕಳಿಸುತ್ತದೆ. ಖಾಲಿ ಚಾನೆಲ್ ಸಿಕ್ಕಿ, ಒಟ್ಟಿಗೆ ಮಾತನಾಡಲು ಗೊತ್ತುಮಾಡಿದ ಗುಂಪಿನ ಸೆಟ್‌ಗಳೆಲ್ಲ ಅಲ್ಲಿಗೆ ಜಿಗಿದ ಮೇಲೆ 'ಬೀಪ್' ಕೇಳಿಸುತ್ತದೆ. ಇದಕ್ಕೆ ಅರ್ಧ ಸೆಕೆಂಡಿನ ಆಸುಪಾಸು ಸಮಯ ಹಿಡಿಯುತ್ತದೆ.

ಆ ಅರ್ಧ ಸೆಕೆಂಡನ್ನು ಕಡೆಗಣಿಸುವಂತಿಲ್ಲ. 'ಹಿಂಬಾಗಿಲಿನಿಂದ ಬನ್ನಿ' ಎಂದು ಬೀಪ್‌ಗೂ ಮೊದಲೇ ಹೇಳಿದರೆ, ಆಚೆಯವರಿಗೆ ಕೇಳಿಸುವುದು 'ಬಾಗಿಲಿನಿಂದ ಬನ್ನಿ' ಎಂದಷ್ಟೇ. ಹಳೆಯ ಸೆಟ್‌ಗೆ ಪಳಗಿದ ಕೈಗಳಿಗೆ ಹೊಸ ಅಭ್ಯಾಸ ಕೂರಲು ತರಬೇತಿ ಬೇಕು. ಕೈಪಿಡಿ ಹಂಚಿದರೆ ಸಾಲದು.

ರಾಜ್ಯವ್ಯಾಪಿ ಟ್ರಂಕಿಂಗ್ ಜಾಲದ ದೊಡ್ಡ ಅನುಕೂಲವೆಂದರೆ, ಜಿಲ್ಲೆಯ ಗಡಿ ದಾಟಿದ ಗಸ್ತು ವಾಹನ ಚಾನೆಲ್ ಬದಲಿಸಬೇಕಾಗಿಲ್ಲ. ಮುಂದಿನ ಟವರ್‌ಗೆ ಸೆಟ್ ತಾನಾಗಿಯೇ ನೋಂದಾಯಿಸಿಕೊಳ್ಳುತ್ತದೆ. ಆದರೆ ಇದು ಪುಕ್ಕಟೆ ಬರುವುದಿಲ್ಲ. ಟೆಟ್ರಾ ಎಂಬ ಡಿಜಿಟಲ್ ಟ್ರಂಕಿಂಗ್ ಮಾದರಿಯಲ್ಲಿ 25 ಕಿಲೋಹರ್ಟ್ಸ್‌ನ ಒಂದು ವಾಹಕ ತರಂಗದಲ್ಲಿ 4 ಕಾಲಖಂಡಗಳಿರುತ್ತವೆ, ಅಂದರೆ ಸರದಿಯಲ್ಲಿ ಹಂಚಿಕೊಂಡ ನಾಲ್ಕು ಚಾನೆಲ್‌ಗಳು. ಒಂದೇ ವಾಹಕವಿರುವ ಸಣ್ಣ ಟವರ್‌ನಲ್ಲಿ ನಿಯಂತ್ರಣಕ್ಕೆ ಒಂದು ಹೋದರೆ ಮಾತಿಗೆ ಉಳಿಯುವುದು 3. ದೂರದ ಜಿಲ್ಲೆಯ ಒಬ್ಬ ಅಧಿಕಾರಿ ಅಲ್ಲಿ ಕುಳಿತು ತನ್ನ ಊರಿನ ಗುಂಪನ್ನು ಕೇಳುತ್ತಿದ್ದರೆ, ಆ ಗುಂಪು ಮಾತನಾಡಿದಾಗಲೆಲ್ಲ ಆ ಮೂರರಲ್ಲಿ ಒಂದು ಹೋಯಿತು! ಹೀಗಾಗಿ ಯಾವ ಗುಂಪು ಯಾವ ಟವರ್‌ವರೆಗೆ ಹೋಗಬೇಕು ಎಂಬುದನ್ನು ಸೆಟ್ ಹಿಡಿದು ಕೆಲಸ ಮಾಡುವವರೊಂದಿಗೆ ಕುಳಿತು ತೀರ್ಮಾನಿಸಬೇಕು. ಗುತ್ತಿಗೆದಾರರ ಎಂಜಿನಿಯರ್‌ಗೆ ಬಿಟ್ಟುಬಿಡುವ ಕೆಲಸ ಇದಲ್ಲ.

ನನ್ನನ್ನು ಹೆಚ್ಚು ಕಾಡುವುದು ಸಂಪರ್ಕ ಕಡಿತದ ಪ್ರಶ್ನೆ. ಟವರ್ ಅನ್ನು ಕೇಂದ್ರಕ್ಕೆ ಜೋಡಿಸುವ ಮೈಕ್ರೋವೇವ್ ಅಥವಾ ಫೈಬರ್ ಕೊಂಡಿ ತುಂಡಾದರೆ, ಅದಕ್ಕೆಂದು ಸಜ್ಜುಗೊಳಿಸಿದ ಟವರ್ ಒಂಟಿಯಾಗಿ ಕೆಲಸ ಮುಂದುವರಿಸುತ್ತದೆ. ಅದರ ವ್ಯಾಪ್ತಿಯಲ್ಲಿರುವವರು ಪರಸ್ಪರ ಮಾತನಾಡಬಲ್ಲರು. ಆದರೆ ಕಂಟ್ರೋಲ್ ರೂಂಗೆ ಅದು ಕೇಳಿಸದೇ ಹೋಗಬಹುದು. ಸೆಟ್‌ನ ಪರದೆಯಲ್ಲಿ ಸಣ್ಣದೊಂದು ಸೂಚನೆ ಬಂದರೂ ಕತ್ತಲಲ್ಲಿ ಓಡುತ್ತಿರುವ ಪೇದೆ ಅದನ್ನು ನೋಡುವುದಿಲ್ಲ. ಉತ್ತರ ಬಾರದಿದ್ದರೆ ಏನು ಮಾಡಬೇಕೆಂಬುದು ಆತನಿಗೆ ಬಾಯಿಪಾಠವಾಗಿರಬೇಕು. ನೆಲಮಾಳಿಗೆಯಲ್ಲಿ, ಸುರಂಗದಲ್ಲಿ ಟವರ್‌ನ ಹಂಗಿಲ್ಲದೆ ಸೆಟ್‌ನಿಂದ ಸೆಟ್‌ಗೆ ನೇರವಾಗಿ ಮಾತನಾಡುವ ಕ್ರಮವನ್ನೂ ನಿಯಮಿತವಾಗಿ ಅಭ್ಯಾಸ ಮಾಡಿಸಬೇಕು.

ಕಂಪನಿಗಳು ತೋರಿಸುವ ಬಣ್ಣದ ವ್ಯಾಪ್ತಿ ನಕ್ಷೆ ಕಂಪ್ಯೂಟರ್ ಲೆಕ್ಕಾಚಾರ. ವಾಹನದ ಮೇಲಿನ ಆಂಟೆನಾಕ್ಕೆ ಸಿಗುವ ಸಂಕೇತ ಸೊಂಟದಲ್ಲಿ ಸಿಕ್ಕಿಸಿದ ಸೆಟ್‌ಗೆ ಅಷ್ಟೇ ಚೆನ್ನಾಗಿ ಸಿಗುವುದಿಲ್ಲ, ಏಕೆಂದರೆ ದೇಹವೇ ಅದಕ್ಕೆ ಅಡ್ಡ. ಆಸ್ಪತ್ರೆ, ನ್ಯಾಯಾಲಯ, ಬಹುಮಹಡಿ ಕಟ್ಟಡಗಳ ಮೆಟ್ಟಿಲುಗಳಲ್ಲಿ ಸೆಟ್ ಸೊಂಟಕ್ಕಿಟ್ಟು ನಡೆದೇ ಪರೀಕ್ಷಿಸಬೇಕು. ಅಲ್ಲಿಯವರೆಗೆ ಸಂಕೇತವನ್ನು ಮರುಪ್ರಸಾರ ಮಾಡುವ ಹಳೆಯ ರಿಪೀಟರ್‌ಗಳನ್ನು ಕಳಚಲು ಸಹಿ ಹಾಕಬೇಡಿ. ಕೊನೆಯ ಪರೀಕ್ಷೆ ತುರ್ತು ಬಟನ್‌ನದು: ಟವರ್‌ನ ಎಲ್ಲ ಚಾನೆಲ್‌ಗಳನ್ನೂ ಬೇಕೆಂದೇ ತುಂಬಿಸಿ ಅದನ್ನು ಒತ್ತಿ. ನಡೆಯುತ್ತಿರುವ ಮಾತನ್ನು ಕಡಿದು ಅದು ದಾರಿ ಮಾಡಿಕೊಳ್ಳದಿದ್ದರೆ ವ್ಯವಸ್ಥೆಯನ್ನು ಒಪ್ಪಿಕೊಳ್ಳದೆ ವಾಪಸು ಕಳಿಸಿ.