ದ್ರಾಕ್ಷಿಗೆ ತೂತು ಬೀಳುತ್ತಾ?

ಫೆಬ್ರವರಿ ಬಂತೆಂದರೆ ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಮಣೂಕ (ಒಣದ್ರಾಕ್ಷಿ) ಶೆಡ್ಡುಗಳಲ್ಲಿ ಈ ಪ್ರಶ್ನೆ ತಪ್ಪಿದ್ದಲ್ಲ. "ಸರ, ಡಿಪ್ಪಿಂಗ್ ಆಯಿಲ್‌ನ್ಯಾಗ ಅದ್ದಿದ್ರ ಕಾಯಿಗೆ ಪೋರ್ ಬೀಳ್ತಾವಂತ, ಖರೇನ್ರಿ?" ಡಿಪ್ಪಿಂಗ್ ಆಯಿಲ್ ಅಂದರೆ ದ್ರಾಕ್ಷಿ ಬೇಗ ಒಣಗಲಿ ಅಂತ ಅದನ್ನು ಅದ್ದುವ ನೀರಿಗೆ ಹಾಕುವ ಎಣ್ಣೆ. ಯಾರೋ ಹಾಗೆ ಹೇಳಿರುತ್ತಾರೆ. ಪೋರ್ ಜಾಸ್ತಿ ಬೀಳಲಿ ಅಂತ ರೈತರು ಎಣ್ಣೆಯನ್ನೂ ಜಾಸ್ತಿ ಸುರಿಯುತ್ತಾರೆ.

ಪೋರ್ ಅಂದರೆ ಬರೀ ತೂತಲ್ಲ. ನೀರೋ ಗಾಳಿಯೋ ಹಾದುಹೋಗುವ ತೀರಾ ಸಣ್ಣ ದಾರಿ. ಬೆವರು ಬರುವುದು ಚರ್ಮದ ಪೋರ್‌ನಿಂದ. ಮಣ್ಣಿನ ಕಣಗಳ ನಡುವಿನ ಸಂದಿಯೂ ಪೋರೇ. ನಮ್ಮ ಎರೆ ಮಣ್ಣಿನಲ್ಲಿ ಇಂಥ ಜಾಗ ಒಟ್ಟು ಲೆಕ್ಕಕ್ಕೆ ಮರಳು ಮಣ್ಣಿಗಿಂತ ಜಾಸ್ತಿ. ಆದರೆ ಒಂದೊಂದು ಸಂದಿಯೂ ಅಷ್ಟು ಸಣ್ಣದು, ಅದಕ್ಕೇ ನೀರು ನಿಧಾನ ಇಂಗುತ್ತದೆ. ಬೇಸಿಗೆಯಲ್ಲಿ ಅದೇ ಹೊಲ ಕೈ ಇಳಿಯುವಷ್ಟು ಬಾಯಿ ಬಿಡುತ್ತದಲ್ಲ, ಅದು ಬಿರುಕು. ಅದನ್ನು ಪೋರ್ ಅನ್ನುವುದಿಲ್ಲ.

ಇನ್ನು ದ್ರಾಕ್ಷಿ. ಹಣ್ಣಿನ ಮೇಲೆ ಬೆರಳಾಡಿಸಿ. ಬಿಳಿ ಪುಡಿ ಅಳಿಸಿ ಕೆಳಗಿನ ಹೊಳಪು ಕಾಣುತ್ತದೆ. ಆ ಪುಡಿ ಮೇಣ. ಹೆಂಚು ಹೊದಿಸಿದ ಹಾಗೆ ಚೂರಿನ ಮೇಲೆ ಚೂರು ಕೂತಿರುತ್ತದೆ. ಒಳಗಿನ ನೀರು ಬೇಗ ಆರದಂತೆ ತಡೆಯುವುದು ಇದೇ. ಎಳೆ ಕಾಯಿಯಲ್ಲಿ ಉಸಿರಾಟದ ರಂಧ್ರಗಳು ಒಂದಷ್ಟು ಇರುತ್ತವೆ, ಹಣ್ಣಾಗುವ ಹೊತ್ತಿಗೆ ಅವೂ ಕೆಲಸ ನಿಲ್ಲಿಸಿರುತ್ತವೆ.

ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೋನೇಟ್, 15 ಮಿಲಿ ಎಣ್ಣೆ. ಗೊನೆಯನ್ನು 2ರಿಂದ 4 ನಿಮಿಷ ಅದ್ದಿದರೆ ಸಾಕು. ಎಣ್ಣೆಯಲ್ಲಿರುವ ಈಥೈಲ್ ಓಲಿಯೇಟ್ ಮೇಣದ ಚೂರುಗಳ ನಡುವೆ ಇಳಿಯುತ್ತದೆ. ಅಲ್ಲಿಯವರೆಗೆ ನೀರನ್ನು ತಡೆದಿದ್ದ ಮೇಣ ಆಗ ದಾರಿ ಬಿಡುತ್ತದೆ. ತೂತು ಎಲ್ಲೂ ಬೀಳುವುದಿಲ್ಲ. ಅದ್ದಿದ ಹಣ್ಣನ್ನು ಕೂಡಲೇ ಚೆನ್ನಾಗಿ ತೊಳೆದರೆ ಒಣಗುವ ವೇಗ ಮತ್ತೆ ಇಳಿಯುತ್ತದೆ. ತೂತೇ ಆಗಿದ್ದರೆ ತೊಳೆದ ಮಾತ್ರಕ್ಕೆ ಮುಚ್ಚುತ್ತಿತ್ತಾ? ಶೆಡ್ಡಿಗೆ ಅಕಾಲ ಮಳೆಯ ಇರಿಚಲು ಬಡಿದರೆ ಕಷ್ಟ ಅನ್ನುವುದಕ್ಕೆ ಇದೂ ಒಂದು ಕಾರಣ. ಸಿಪ್ಪೆ ನಿಜಕ್ಕೂ ಸೀಳುವುದು ಕಾಸ್ಟಿಕ್ ಸೋಡಾದ ಬಿಸಿ ನೀರಿನಲ್ಲಿ ಅದ್ದಿದಾಗ. ನಾವು ಮಾಡುವುದು ಅದಲ್ಲ.

ಹಾಗಾಗಿ ಎಣ್ಣೆ ಡಬಲ್ ಹಾಕುವುದು ಸುಮ್ನೆ ಖರ್ಚು. ಮಣೂಕ ಜಿಡ್ಡಾಗುತ್ತದೆ, ಧೂಳು ಅಂಟುತ್ತದೆ. ಅದರ ಬದಲು ಗೊನೆಯ ನಡುವಿನ ಹಣ್ಣಿಗೆ ದ್ರಾವಣ ಮುಟ್ಟಿದೆಯಾ ನೋಡಿ. ಗೊನೆ ಬಿಗಿಯಾಗಿದ್ದರೆ ಬಿಡಿಸಿ ಅದ್ದಿ. ಕೆಲವು ದಿನ ಬಿಟ್ಟು ಜಾಳಿಗೆಯ ಮೇಲೆ ಕಣ್ಣಾಡಿಸಿ. ಸುಕ್ಕುಗಟ್ಟಿದ ಕಾಯಿಗಳ ನಡುವೆ ಒಂದೆರಡು ಉಬ್ಬಿಕೊಂಡೇ ಕೂತಿದ್ದರೆ ಅವಕ್ಕೆ ದ್ರಾವಣ ಮುಟ್ಟಿಲ್ಲ ಅಂತಲೇ ತಿಳಿಯಿರಿ. ಅವನ್ನು ಆರಿಸಿ ಬೇರೆ ಹಾಕಿ. ಹಸಿ ಕಾಯಿ ಬಾಕ್ಸ್‌ಗೆ ಬೆರೆತರೆ ಅಕ್ಕಪಕ್ಕದ್ದಕ್ಕೂ ಬೂಸ್ಟು ಹಿಡಿಯುತ್ತದೆ.