ಕೋಚ್ ಆಗಬೇಕೆಂದವರಿಗೆ ಕಿನಿಸಿಯಾಲಜಿ ಓದಿನಿಂದ ಸಿಗುವುದೇನು?

ಪದವಿ ಫಲಿತಾಂಶ ಬಂದ ಮೇಲೆ ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಆಟಗಾರ ವಿದ್ಯಾರ್ಥಿಗಳೂ ಅವರ ತಂದೆತಾಯಿಯರೂ ನನ್ನಲ್ಲಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಕೋಚ್ ಆಗಲು ಎಂ.ಪಿ.ಇಡಿ. (ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ) ಮಾಡಬೇಕೇ, ಪಟಿಯಾಲದ ಕ್ರೀಡಾ ಸಂಸ್ಥೆಗೆ ಹೋಗಬೇಕೇ, ಇಲ್ಲವೇ ಹೊರದೇಶದಲ್ಲಿ ಕಿನಿಸಿಯಾಲಜಿ, ಅಂದರೆ ದೇಹದ ಚಲನೆಯ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆಯಬೇಕೇ? ಈ ಮೂರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲಾಗದು, ಏಕೆಂದರೆ ಪ್ರತಿಯೊಂದೂ ಬೇರೆ ಬೇರೆ ಕೆಲಸಕ್ಕೆ ಸಿದ್ಧಗೊಳಿಸುತ್ತದೆ.

ಎಂ.ಪಿ.ಇಡಿ. ಎರಡು ವರ್ಷದ ಓದು, ನಮ್ಮ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೇ ಲಭ್ಯವಿದೆ. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಾಗಬೇಕೆಂದವರಿಗೆ ಅದೇ ಸರಿಯಾದ ದಾರಿ, ಶೇ. 55ರಷ್ಟು ಅಂಕಗಳ ಜೊತೆಗೆ ನೆಟ್ ಅಥವಾ ಕೆಸೆಟ್ ಎಂಬ ಅರ್ಹತಾ ಪರೀಕ್ಷೆಯಲ್ಲೂ ತೇರ್ಗಡೆಯಾಗಬೇಕು. ಪಟಿಯಾಲದಲ್ಲಿ 1961ರಲ್ಲಿ ಆರಂಭವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಒಂದು ನಿರ್ದಿಷ್ಟ ಆಟದ ತರಬೇತುದಾರರನ್ನು ರೂಪಿಸುತ್ತದೆ. ಕಿನಿಸಿಯಾಲಜಿಯ ಪ್ರಶ್ನೆಗಳು ಬೇರೆ: ದೇಹ ಹೇಗೆ ಚಲಿಸುತ್ತದೆ, ಚಲಿಸುವಾಗ ಯಾವ ಶಕ್ತಿಯನ್ನು ವ್ಯಯಿಸುತ್ತದೆ, ಅಭ್ಯಾಸಕ್ಕೆ ಹೇಗೆ ಹೊಂದಿಕೊಳ್ಳುತ್ತದೆ, ಎಲ್ಲಿ ಮತ್ತು ಏಕೆ ಪೆಟ್ಟಾಗುತ್ತದೆ. ಅದನ್ನು ಓದಿದವರು ತಂಡಗಳಲ್ಲಿ ಆಟಗಾರರ ಬಲ, ದೈಹಿಕ ಸಾಮರ್ಥ್ಯ ಬೆಳೆಸುವ ಸ್ಟ್ರೆಂತ್ ಅಂಡ್ ಕಂಡಿಷನಿಂಗ್ ಕೋಚ್ ಅಥವಾ ಕ್ರೀಡಾ ವಿಜ್ಞಾನಿ ಆಗುತ್ತಾರೆ. ಶಾಲೆಯ ದೈಹಿಕ ಶಿಕ್ಷಕರ ಹುದ್ದೆಗೆ ಮಾತ್ರ ಆ ಪದವಿಯೊಂದೇ ಸಾಲದು ಎಂಬುದನ್ನು ಪೋಷಕರು ಮೊದಲೇ ತಿಳಿದಿರಬೇಕು.

ಈ ಓದು ಮೈದಾನದಲ್ಲಿ ಏನನ್ನು ಬದಲಿಸುತ್ತದೆ ಎಂಬುದಕ್ಕೆ ನಮ್ಮ ಕಬಡ್ಡಿಯನ್ನೇ ನೋಡೋಣ. ಒಂದು ರೇಡ್‌ಗೆ ಇರುವ ಅವಧಿ 30 ಸೆಕೆಂಡು. ಅದರೊಳಗೆ ನಿಜವಾದ ಸಿಡಿತ ಕೆಲವೇ ಕ್ಷಣಗಳದ್ದು. ಸ್ನಾಯುವಿನಲ್ಲಿ ಶೇಖರವಾಗಿರುವ ಫಾಸ್ಫೋಕ್ರಿಯಾಟಿನ್ ಎಂಬ ಇಂಧನ ಅಂಥ ಸಿಡಿತಕ್ಕೆ ಸುಮಾರು 10 ಸೆಕೆಂಡು ಒದಗುತ್ತದೆ, ಪೂರ್ತಿ ಮರುಭರ್ತಿಯಾಗಲು ಕೆಲವು ನಿಮಿಷಗಳೇ ಬೇಕು. ಹೀಗಿದ್ದರೂ ನಮ್ಮ ಹಳ್ಳಿ ತಂಡಗಳಲ್ಲಿ ತಯಾರಿಯೆಂದರೆ ಇಂದಿಗೂ ಬಹುಮಟ್ಟಿಗೆ ಮೈದಾನದ ಸುತ್ತು ಹಾಕಿಸುವುದೇ ಆಗಿದೆ. ನಿಧಾನದ ಓಟ ವ್ಯರ್ಥವೆಂದು ನಾನು ಹೇಳುತ್ತಿಲ್ಲ, ಎರಡು ರೇಡ್‌ಗಳ ನಡುವೆ ಬೇಗ ಚೇತರಿಸಿಕೊಳ್ಳಲು ಅದು ನೆರವಾಗುತ್ತದೆ. ಆದರೆ ಪೂರ್ಣ ವೇಗದಲ್ಲಿ ಓಡುವಾಗ ಪಾದ ನೆಲಕ್ಕೆ ತಾಗಿರುವುದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಮಾತ್ರ, ಸ್ನಾಯು ತನ್ನ ಗರಿಷ್ಠ ಬಲ ತಲುಪಲು ಅದರ ಮೂರರಷ್ಟು ಅಥವಾ ಇನ್ನೂ ಹೆಚ್ಚು ಸಮಯ ಬೇಕು. ಆದ್ದರಿಂದ ಎಷ್ಟು ಬಲವಿದೆ ಎಂಬುದರಷ್ಟೇ ಅದು ಎಷ್ಟು ಬೇಗ ಏರುತ್ತದೆ ಎಂಬುದೂ ಮುಖ್ಯ. ಕಾಲು ನೆಲವನ್ನು ಒತ್ತುವ ಬಲವನ್ನು ಅಳೆಯುವ ಫೋರ್ಸ್ ಪ್ಲೇಟ್ ಮೇಲೆ ಆಟಗಾರನನ್ನು ನೆಗೆಯಿಸಿ ಆ ಏರಿಕೆಯ ರೇಖೆಯನ್ನು ಕಣ್ಣಾರೆ ಕಂಡ ವಿದ್ಯಾರ್ಥಿ ಊರಿಗೆ ಮರಳಿದ ಮೇಲೆ ಬರೀ ಸುತ್ತು ಹಾಕಿಸಿ ಅಭ್ಯಾಸ ಮುಗಿಸಲಾರ.

ಪೆಟ್ಟಿನ ವಿಚಾರದಲ್ಲಂತೂ ಈ ಜ್ಞಾನದ ಬೆಲೆ ಇನ್ನೂ ಹೆಚ್ಚು. ವೇಗದ ಓಟದಲ್ಲಿ ಕಾಲು ಮುಂದಕ್ಕೆ ಬೀಸಿ ನೆಲ ಮುಟ್ಟುವ ಮುನ್ನ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯು ಹಿಗ್ಗುತ್ತಲೇ ಮೊಣಕಾಲ ಕೆಳಗಿನ ಭಾಗವನ್ನು ತಡೆದು ಹಿಡಿಯಬೇಕಾಗುತ್ತದೆ, ಸಾಮಾನ್ಯವಾಗಿ ಹರಿಯುವುದೂ ಆಗಲೇ. ಮಂಡಿಯೂರಿ ಕುಳಿತು, ಜೊತೆಗಾರ ಹಿಮ್ಮಡಿಗಳನ್ನು ಒತ್ತಿ ಹಿಡಿದಿರುವಾಗ, ಸೊಂಟ ಬಗ್ಗಿಸದೆ ಇಡೀ ಮೈಯನ್ನು ನಿಧಾನವಾಗಿ ಮುಂದಕ್ಕೆ ಇಳಿಸುವ ನಾರ್ಡಿಕ್ ವ್ಯಾಯಾಮ ಅದೇ ಕೆಲಸಕ್ಕೆ ಸ್ನಾಯುವನ್ನು ಪಳಗಿಸುತ್ತದೆ. ಅದನ್ನು ಕ್ರಮವಾಗಿ ಮಾಡಿದ ತಂಡಗಳಲ್ಲಿ ಈ ಪೆಟ್ಟು ಅರ್ಧದಷ್ಟು ಕಡಿಮೆಯಾದದ್ದನ್ನು ಹಲವು ಅಧ್ಯಯನಗಳ ಒಟ್ಟು ವಿಶ್ಲೇಷಣೆ ತೋರಿಸಿದೆ. ಇದಕ್ಕೆ ಯಂತ್ರ ಬೇಡ, ಒಂದು ಚಾಪೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನವೆಲ್ಲ ಕೆಸರಾಗಿರುವ ಮಲೆನಾಡಿನಲ್ಲಿ ಶಾಲೆಯ ಜಗಲಿಯ ಮೇಲೂ ಮಾಡಿಸಬಹುದು. ಮಳೆ ಬಿಟ್ಟ ಮೊದಲ ವಾರದಲ್ಲೇ ಮಕ್ಕಳನ್ನು ಪೂರ್ತಿ ವೇಗದಲ್ಲಿ ಓಡಿಸಿ ಪಂದ್ಯಾವಳಿಗೆ ಇಳಿಸುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ತಿಂಗಳುಗಟ್ಟಲೆ ವೇಗ ಕಾಣದ ಕಾಲುಗಳಿಗೆ ಹೊರೆಯನ್ನು ವಾರದಿಂದ ವಾರಕ್ಕೆ ಸ್ವಲ್ಪಸ್ವಲ್ಪವೇ ಏರಿಸಬೇಕು.

ಇನ್ನು ಕೋರ್ಸಿನ ಆಯ್ಕೆ. ಅಮೆರಿಕದಲ್ಲಿ ಈ ಸ್ನಾತಕೋತ್ತರ ಪದವಿ ಸಾಮಾನ್ಯವಾಗಿ ಎರಡು ವರ್ಷದ್ದು, 30ರಿಂದ 36 ಕ್ರೆಡಿಟ್‌ಗಳದ್ದು. ಬ್ರಿಟನ್ನಿನಲ್ಲಿ ಹೆಚ್ಚಾಗಿ ಒಂದು ವರ್ಷ. ಪಿಎಚ್.ಡಿ. ಗುರಿಯಿದ್ದವರು ಸಂಶೋಧನಾ ಪ್ರಬಂಧ ಬರೆಯುವ ಮಾರ್ಗ ಹಿಡಿಯಲಿ. ಕೋಚ್ ಆಗಬೇಕೆಂದವರು ತಂಡದೊಂದಿಗೆ ಕಳೆಯಲು ಎಷ್ಟು ಗಂಟೆ ಸಿಗುತ್ತದೆ, ಅಲ್ಲಿ ಯಾರ ಮೇಲ್ವಿಚಾರಣೆ ಇರುತ್ತದೆ ಎಂದು ವಿಚಾರಿಸಲಿ. ವಿಶ್ವವಿದ್ಯಾಲಯದ ಹೆಸರಿಗಿಂತ ಈ ಉತ್ತರಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಬಿ.ಎ., ಬಿ.ಕಾಂ. ಮಾಡಿದವರಿಗೆ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರಗಳನ್ನು ಮೊದಲು ಓದಿ ಬರುವಂತೆ ಹೇಳುವ ಕಡೆಗಳೂ ಇವೆ. ಪಾಠ ಹೇಳುವ ಅಥವಾ ತಂಡಕ್ಕೆ ನೆರವಾಗುವ ಕೆಲಸಕ್ಕೆ ಬದಲಾಗಿ ಶುಲ್ಕದಲ್ಲಿ ವಿನಾಯಿತಿ ಕೊಡುವ ಅಸಿಸ್ಟೆಂಟ್‌ಶಿಪ್ ಸಿಗದಿದ್ದರೆ, ತೋಟ ಅಡವಿಟ್ಟು ಸಾಲ ಮಾಡಿ ಹೋಗುವುದನ್ನು ನಾನು ಒಪ್ಪುವುದಿಲ್ಲ. ಸ್ಟ್ರೆಂತ್ ಕೋಚ್‌ಗಳಿಗೆ ಬಹಳ ಕಡೆ ಬೇಕಾಗುವ ಸಿ.ಎಸ್.ಸಿ.ಎಸ್. (ಸರ್ಟಿಫೈಡ್ ಸ್ಟ್ರೆಂತ್ ಅಂಡ್ ಕಂಡಿಷನಿಂಗ್ ಸ್ಪೆಷಲಿಸ್ಟ್) ಪ್ರಮಾಣಪತ್ರದ ಪರೀಕ್ಷೆಗೆ ಸ್ನಾತಕೋತ್ತರ ಪದವಿಯೇ ಬೇಕೆಂದೇನೂ ಇಲ್ಲ.

ಅರ್ಜಿ ಹಾಕುವ ಮುನ್ನ ನಿಮ್ಮ ತಾಲ್ಲೂಕಿನ ಯಾವುದಾದರೂ ತಂಡದ ಜೊತೆ ಒಂದು ಋತುವಿಡೀ ಇದ್ದು ಲೆಕ್ಕ ಬರೆದಿಡಿ. ಅಭ್ಯಾಸ ಮುಗಿದು ಅರ್ಧ ಗಂಟೆಯಾದ ಮೇಲೆ ಪ್ರತಿ ಆಟಗಾರನನ್ನೂ ಕೇಳಿ: "ಇವತ್ತು ಎಷ್ಟು ಕಷ್ಟವಾಯಿತು, ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಹೇಳು." ಆ ಅಂಕವನ್ನು ಅಭ್ಯಾಸದ ನಿಮಿಷಗಳಿಂದ ಗುಣಿಸಿ, 60 ನಿಮಿಷಕ್ಕೆ 6 ಅಂಕವೆಂದರೆ ಅಂದಿನ ಹೊರೆ 360. ಯಾರಿಗೆ ಯಾವ ವಾರ ನೋವು ಬಂತು ಎಂಬುದನ್ನೂ ಪಕ್ಕದಲ್ಲಿ ಗುರುತಿಸಿ, ಅರ್ಜಿಯ ಜೊತೆ ಕಳುಹಿಸುವ ಉದ್ದೇಶ ಪತ್ರದಲ್ಲಿ ಆ ಪುಟಗಳ ಬಗ್ಗೆಯೇ ಬರೆಯಿರಿ.