ಟವರ್ ಸುಮ್ಮನಾದಾಗಲೂ ದುಡಿಯುವ ಯಂತ್ರ

ಹೊಸ ಫೋನಾಗಲಿ, ಹೊಸ ತಂತ್ರಾಂಶವಾಗಲಿ ಕೈಗೆ ಬಂದರೆ ನಾನು ಮೊದಲು ಒತ್ತುವುದು ಏರ್‌ಪ್ಲೇನ್ ಮೋಡ್. ಕ್ಯಾಮೆರಾದ ಮೆಗಾಪಿಕ್ಸೆಲ್ ಎಷ್ಟು, ಪರದೆ ಮಡಚುತ್ತದೆಯೇ ಎಂಬ ವಿಚಾರಗಳೆಲ್ಲ ಆಮೇಲೆ. ಕೊಡಗಿನಲ್ಲಿ ಮುಂಗಾರು ಬಲಿತರೆ ಮರ ಬಿದ್ದು ತಂತಿ ಹರಿಯುವುದು ಮಾಮೂಲು. ವಿದ್ಯುತ್ ಹೋದ ಮೇಲೆ ಮೊಬೈಲ್ ಟವರನ್ನು ಅದರ ಬ್ಯಾಟರಿ ಕೆಲವು ಗಂಟೆ ಕಾಯುತ್ತದೆ. ಜನರೇಟರಿಗೆ ಡೀಸೆಲ್ ತಲುಪದಿದ್ದರೆ ಟವರೂ ಸುಮ್ಮನಾಗುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದಾಗ ರಸ್ತೆ, ವಿದ್ಯುತ್, ಫೋನ್ ಮೂರೂ ಕಡಿದುಹೋದ ಊರುಗಳಿದ್ದವು. ಅಂಥ ಹೊತ್ತಿನಲ್ಲಿ ಕೈಯಲ್ಲಿರುವ ಯಂತ್ರ ಸ್ವಂತ ಬಲದಿಂದ ಏನು ಮಾಡಬಲ್ಲದು, ತನಗೆ ತಿಳಿಯದ್ದನ್ನು ತಿಳಿಯದು ಎಂದು ಹೇಳುತ್ತದೆಯೇ? ಯಂತ್ರಗಳನ್ನು ನಾನು ಅಳೆಯುವುದು ಈ ಎರಡು ಪ್ರಶ್ನೆಗಳಿಂದ.

ನೆಟ್‌ವರ್ಕ್ ಇಲ್ಲದಿದ್ದರೆ ಜಿಪಿಎಸ್ ಕೂಡ ಇಲ್ಲ ಎಂದು ಬಹಳ ಮಂದಿ ನಂಬಿದ್ದಾರೆ. ಹಾಗೇನಿಲ್ಲ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಿಂದ ಸಮಯದ ಸಂಕೇತಗಳನ್ನು ಬಿತ್ತರಿಸುತ್ತಲೇ ಇರುತ್ತವೆ. ಫೋನ್ ಅವುಗಳಿಗೆ ಏನನ್ನೂ ಕಳುಹಿಸುವುದಿಲ್ಲ, ಕೇಳಿಸಿಕೊಂಡು ಲೆಕ್ಕ ಹಾಕುತ್ತದೆ ಅಷ್ಟೇ. ಯಾವ ಉಪಗ್ರಹ ಎಲ್ಲಿದೆ ಎಂಬ ವಿವರವನ್ನು ಬೇಗ ತಂದುಕೊಡುವುದಷ್ಟೇ ನೆಟ್‌ವರ್ಕಿನ ಕೆಲಸ. ಅದಿಲ್ಲದಿದ್ದರೆ ಉಪಗ್ರಹವೇ ಸೆಕೆಂಡಿಗೆ 50 ಬಿಟ್‌ಗಳಂತೆ ಆ ವಿವರವನ್ನು 30 ಸೆಕೆಂಡಿಗೊಮ್ಮೆ ಹೇಳುತ್ತದೆ. ಆದ್ದರಿಂದ ತೆರೆದ ಆಕಾಶದ ಕೆಳಗೆ ಒಂದೆರಡು ನಿಮಿಷ ನಿಲ್ಲುವ ತಾಳ್ಮೆ ಬೇಕು, ನಕಾಶೆಯನ್ನು ಮೊದಲೇ ಇಳಿಸಿಕೊಂಡಿರಬೇಕು. ಸ್ವಯಂಸೇವಕರು ಕಟ್ಟಿದ ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ಆ್ಯಪ್‌ಗಳು ನನಗೆ ಇಷ್ಟವಾಗುವುದು ಇದಕ್ಕೇ. ನಮ್ಮ ತೋಟದ ದಾರಿಗಳನ್ನು ನಾವೇ ಅದಕ್ಕೆ ಸೇರಿಸಬಹುದು.

ತೊಂದರೆ ಇರುವುದು ಮರಗಳಡಿಯಲ್ಲಿ. ಸಿಲ್ವರ್ ಓಕ್, ಹಲಸಿನ ಮರಗಳ ಒದ್ದೆ ಎಲೆಗಳು ಸಂಕೇತವನ್ನು ಸ್ವಲ್ಪ ಹೀರಿ, ಸ್ವಲ್ಪ ಚದುರಿಸುತ್ತವೆ. ನೇರವಾಗಿ ಬಂದ ಸಂಕೇತದ ಬೆನ್ನಿಗೇ ಎಲ್ಲೋ ತಾಗಿ ಬಂದದ್ದೂ ಸೇರಿಕೊಂಡು ಲೆಕ್ಕ ಕೆಡುತ್ತದೆ. ಜಿಪಿಎಸ್ ಉಪಗ್ರಹಗಳು ಬೇರೆ ಬೇರೆ ಆವರ್ತನಗಳಲ್ಲಿ ಸಂಕೇತ ಕಳುಹಿಸುತ್ತವೆ. ಅವುಗಳಲ್ಲಿ ಹಳೆಯ ಎಲ್1 ಸಂಕೇತದ ಒಂದೊಂದು ಘಟಕ ಬೆಳಕಿನ ವೇಗದಲ್ಲಿ ಸುಮಾರು 300 ಮೀಟರ್ ಉದ್ದ ಚಾಚಿರುತ್ತದೆ, ಹೊಸ ಎಲ್5ರದ್ದು ಸುಮಾರು 30 ಮೀಟರ್. ಘಟಕ ಚಿಕ್ಕದಾದಷ್ಟೂ ನೇರ ಬಂದದ್ದು ಯಾವುದು, ತಿರುಗಿ ಬಂದದ್ದು ಯಾವುದು ಎಂದು ಬೇರ್ಪಡಿಸುವುದು ಸುಲಭ. ಜಿಪಿಎಸ್‌ನಂತೆಯೇ ಸ್ಥಳ ತಿಳಿಸುವ ನಮ್ಮ ದೇಶದ ನಾವಿಕ್ ಉಪಗ್ರಹ ವ್ಯವಸ್ಥೆಯೂ ಇದೇ ಎಲ್5 ಆವರ್ತನ ಪಟ್ಟಿಯಲ್ಲಿ ಸಂಕೇತ ಕಳುಹಿಸುತ್ತದೆ. ಹೊಸ ಫೋನ್ ಕೊಳ್ಳುವ ತೋಟದವರಿಗೆ ನಾನು ಒತ್ತಿ ಹೇಳುವುದು ಎಲ್5 ಹಿಡಿಯುವ ಈ ಒಂದು ಸೌಲಭ್ಯವನ್ನೇ.

ನನ್ನ ನಿಜವಾದ ಮೆಚ್ಚುಗೆ ಮಾತ್ರ ಫೋನಿಗಿಂತ ಸಣ್ಣ ಯಂತ್ರವೊಂದಕ್ಕೆ ಸಲ್ಲುತ್ತದೆ: ತಾನೇ ಎಣಿಸುವ ಮಳೆಮಾಪಕ. 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ, ಹವಾಮಾನ ಮುನ್ಸೂಚನೆ ನೀಡುವ ಭಾರತ್ ಫೋರ್‌ಕಾಸ್ಟ್ ಸಿಸ್ಟಂ 6 ಕಿ.ಮೀ. ಅಳತೆಯ ಚೌಕಗಳಲ್ಲಿ ಹವೆಯನ್ನು ಲೆಕ್ಕ ಹಾಕುತ್ತದೆ. ಅದು ದೊಡ್ಡ ಸಾಧನೆಯೇ. ಆದರೂ ಭಾಗಮಂಡಲದಲ್ಲಿ ಸುರಿಯುವ ಮಳೆಗೂ ಕುಶಾಲನಗರದ ಮಳೆಗೂ ಹೋಲಿಕೆಯೇ ಇಲ್ಲದ ಈ ಜಿಲ್ಲೆಯಲ್ಲಿ 6 ಕಿ.ಮೀ. ಒಳಗೇ ಒಂದು ಬೆಟ್ಟ ಏರಿ ಇಳಿಯಬಹುದು. ರೊಬಸ್ಟಾ ಕಾಫಿ ಗಿಡಕ್ಕೆ ಫೆಬ್ರುವರಿ, ಮಾರ್ಚ್‌ನಲ್ಲಿ ಇಂಚಿನಷ್ಟು ಹೂಮಳೆ ಬಿದ್ದರೆ ಮೊಗ್ಗು ಚೆನ್ನಾಗಿ ಅರಳುತ್ತದೆ, ಅರೆಬರೆ ಬಿದ್ದರೆ ಸ್ಪ್ರಿಂಕ್ಲರ್ ಹೂಡಬೇಕು. ನಮ್ಮ ತೋಟಗಳಲ್ಲಿ ಮಳೆಯನ್ನು ಇಂದಿಗೂ ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಡುವುದು ಸುಮ್ಮನೆ ಅಲ್ಲ. ಸೆಂಟ್ ಅಂದರೆ ಇಂಚಿನ ನೂರನೇ ಒಂದು ಪಾಲು, ಅದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಈ ಮಾಪಕದ ಮುಚ್ಚಳ ತೆಗೆದು ನೋಡಿದರೆ ಆಲಿಕೆಯ ಕೆಳಗೆ ನಡುವೆ ಕೀಲಿರುವ, ಅತ್ತಿತ್ತ ವಾಲುವ ಜೋಡಿ ಬಟ್ಟಲುಗಳು ಕಾಣುತ್ತವೆ. ಒಂದು ತುಂಬಿದೊಡನೆ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಆಲಿಕೆಯ ಕೆಳಗೆ ಬಂದು ನಿಲ್ಲುತ್ತದೆ. ವಾಲುವಾಗ ಅದಕ್ಕೆ ಅಂಟಿಸಿದ ಪುಟ್ಟ ಅಯಸ್ಕಾಂತವು ಗಾಜಿನ ಕೊಳವೆಯೊಂದರ ಪಕ್ಕ ಹಾದು, ಒಳಗಿನ ಎರಡು ಲೋಹದ ಎಸಳುಗಳನ್ನು ಕ್ಷಣಮಾತ್ರ ಕೂಡಿಸುತ್ತದೆ. ಒಂದು ಎಣಿಕೆ ದಾಖಲಾಯಿತು. ಆಲಿಕೆಯ ಬಾಯಿ 200 ಚದರ ಸೆಂಟಿಮೀಟರ್ ಇದ್ದು ಬಟ್ಟಲು 5.08 ಮಿಲಿಲೀಟರಿಗೆ ವಾಲುವಂತಿದ್ದರೆ ಒಂದು ವಾಲು ಅಂದರೆ 0.254 ಮಿ.ಮೀ., ಅಂದರೆ ಸರಿಯಾಗಿ ನಮ್ಮ ಒಂದು ಸೆಂಟ್! ಈ ಹೊಂದಿಕೆ ನನಗೆ ಪ್ರತಿ ಸಲವೂ ಖುಷಿ ಕೊಡುತ್ತದೆ.

ಇದಕ್ಕೂ ದೌರ್ಬಲ್ಯಗಳಿವೆ. ಬಟ್ಟಲು ವಾಲುತ್ತಿರುವ ಅರೆಗಳಿಗೆಯಲ್ಲಿ ಬಿದ್ದ ನೀರು ಎಣಿಕೆಗೆ ಸಿಗದ ಕಾರಣ ಧಾರಾಕಾರ ಮಳೆಯಲ್ಲಿ ಅಳತೆ ತುಸು ಕಡಿಮೆ ಬರುತ್ತದೆ. ಒಂದು ಎಲೆ ಅಥವಾ ಜೇಡರ ಬಲೆ ಆಲಿಕೆಯ ಕಂಡಿ ಮುಚ್ಚಿದರೆ ಸಾಕು, ಹೊರಗೆ ಮಳೆ ಹೊಯ್ಯುತ್ತಿದ್ದರೂ ಪರದೆಯ ಮೇಲೆ ಸೊನ್ನೆ. ತಂತ್ರಾಂಶ ಬರೆಯುವವರ ಯೋಗ್ಯತೆ ತಿಳಿಯುವುದು ಇಲ್ಲಿ. ಮಳೆ ಬಿದ್ದಿಲ್ಲ ಎಂಬುದು ಬೇರೆ, ಮಾಹಿತಿ ಬಂದಿಲ್ಲ ಎಂಬುದು ಬೇರೆ. ಎರಡಕ್ಕೂ ಸೊನ್ನೆಯನ್ನೇ ತೋರಿಸುವ ಆ್ಯಪ್ ಎಷ್ಟೇ ಚೆಂದವಿರಲಿ, ಗುಡ್ಡದ ಬುಡದಲ್ಲಿ ಮನೆ ಇರುವವರ ಕೈಗೆ ಅದನ್ನು ಕೊಡಲು ನನಗೆ ಮನಸ್ಸಾಗುವುದಿಲ್ಲ. ಕೊನೆಯ ಸಂದೇಶ ಎಷ್ಟು ಹೊತ್ತಿಗೆ ಬಂತು ಎಂಬುದು ದೊಡ್ಡ ಅಕ್ಷರದಲ್ಲೇ ಕಾಣಬೇಕು.

ಎಣಿಕೆಯನ್ನು ಮನೆಗೆ ತಲುಪಿಸಲು ಸಿಮ್ ಕಾರ್ಡ್ ಬೇಕಿಲ್ಲ. ಲೋರಾ ಎಂಬ ರೇಡಿಯೊ ಇದೆ. ಭಾರತದಲ್ಲಿ ಅದಕ್ಕೆ 865 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಪರವಾನಗಿ ಬೇಡದ ಆವರ್ತನ ಪಟ್ಟಿಯೊಂದಿದೆ. ಅದರ ತರಂಗಗಳು ವೈಫೈಗಿಂತ ಉದ್ದವಾದ್ದರಿಂದ ಎಲೆಗಳ ನಡುವೆ ಹೆಚ್ಚು ದೂರ ನುಸುಳುತ್ತವೆ. ಲೋರಾ ಪ್ರತಿ ಸಂಕೇತವನ್ನೂ ಕೆಳಗಿನ ಆವರ್ತನದಿಂದ ಮೇಲಕ್ಕೆ ಜಾರಿಸುತ್ತಾ ಕಳುಹಿಸುತ್ತದೆ. ಜಡಿಮಳೆಯ ಸದ್ದಿನಲ್ಲಿ ಮಾತು ಕೇಳಿಸದಿದ್ದರೂ ಏರುತ್ತಾ ಹೋಗುವ ಶಿಳ್ಳೆ ಕಿವಿಗೆ ಬೀಳುತ್ತದಲ್ಲ, ಹಾಗೆ. ಅತಿ ನಿಧಾನದ ಹೊಂದಾಣಿಕೆಯಲ್ಲಿ ಸುತ್ತಲಿನ ಗದ್ದಲಕ್ಕಿಂತ ನೂರು ಪಟ್ಟು ಕ್ಷೀಣವಾದ ಸಂಕೇತವನ್ನೂ ಅದು ಹೆಕ್ಕಬಲ್ಲದು. ಬೆಲೆಯಾಗಿ ವೇಗವನ್ನು ತೆರಬೇಕು: ಆಗ ಸೆಕೆಂಡಿಗೆ ಕೆಲವು ನೂರು ಬಿಟ್ ಮಾತ್ರ ಸಾಗುತ್ತದೆ. ಚಿತ್ರ, ವಿಡಿಯೊಗಳ ಆಸೆ ಬೇಡ. ಆದರೆ ‘ಇಂದು 312 ಸೆಂಟ್’ ಎಂದು ತಿಳಿಸಲು ಅದು ಧಾರಾಳವಾಯಿತು, ಉಳಿದ ಹೊತ್ತೆಲ್ಲ ನಿದ್ರಿಸುವ ಕಾರಣ ಸಣ್ಣ ಬ್ಯಾಟರಿಯೂ ಬಹುಕಾಲ ಬಾಳುತ್ತದೆ.

ಸ್ಮಾರ್ಟ್ ವಾಚು, ಮಡಚುವ ಫೋನುಗಳ ಬಗ್ಗೆ ನನಗೆ ಹೇಳಲು ಹೆಚ್ಚೇನಿಲ್ಲ. ಕೃತಕ ಬುದ್ಧಿಮತ್ತೆ ಫೋನಿನೊಳಗೇ ನಡೆಯತೊಡಗಿರುವುದು ಮಾತ್ರ ದೊಡ್ಡ ಬದಲಾವಣೆ. ಭಾಷೆ ಕಲಿತ ತಂತ್ರಾಂಶ, ಅಂದರೆ ಭಾಷಾ ಮಾದರಿ, ತಾನು ಕಲಿತದ್ದನ್ನು ಅಂಕಿಗಳಾಗಿ ಇಟ್ಟುಕೊಂಡಿರುತ್ತದೆ. 400 ಕೋಟಿ ಅಂಕಿಗಳಿರುವ ಮಾದರಿಯಲ್ಲಿ ಪ್ರತಿ ಅಂಕಿಗೆ 16 ಬಿಟ್ ಕೊಟ್ಟರೆ 8 ಜಿಬಿ ಜಾಗ ಬೇಕು. 4 ಬಿಟ್‌ಗೆ ಕುಗ್ಗಿಸಿದರೆ 2 ಜಿಬಿ. ನಿಖರತೆ ಸ್ವಲ್ಪ ತಗ್ಗುತ್ತದೆ, ಆದರೆ ಫೋನಿನ ಸ್ಮರಣೆಯಲ್ಲಿ ಹಿಡಿಸುತ್ತದೆ, ಟವರಿನ ಹಂಗಿಲ್ಲ. ಇದರಿಂದ ನಾನು ಬಯಸುವುದು ಕವಿತೆಯನ್ನಲ್ಲ. ಕೊಯ್ಲಿನ ಕಾಲದ ಸಂಜೆ ತೋಟದ ಲೆಕ್ಕ ಬರೆಯುವ ರೈಟರ್ ಚೀಲಗಳನ್ನು ತೂಗಿಸಿ ಹೆಸರು, ಕಿಲೋ ಕೂಗಿ ಹೇಳುತ್ತಾರೆ. ಅದನ್ನು ಕೇಳಿಸಿಕೊಂಡು ಬರೆದುಕೊಳ್ಳುವ ತಂತ್ರಾಂಶ ಬೇಕು. ಅವರ ಕನ್ನಡದಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ ಎಲ್ಲವೂ ಬೆರೆತಿರುತ್ತವೆ. ವಾರ್ತೆ ಓದುವವರ ಕನ್ನಡದಲ್ಲಿ ಪಳಗಿದ ಯಂತ್ರ ಅಲ್ಲಿ ತಡವರಿಸುತ್ತದೆ. ಹೆಸರು ತಪ್ಪಾದರೆ ಯಾರಾದರೂ ಗುರುತಿಸಿ ತಿದ್ದುತ್ತಾರೆ. ಹದಿನಾರು ಕಿಲೋ ಹದಿಮೂರಾದರೆ ಕೊಯ್ದವರ ಕೂಲಿಯೇ ಕಡಿತವಾಗುತ್ತದೆ. ಹಾಗಾಗಿ ಅಂಥ ತಂತ್ರಾಂಶವು ಅಂಕಿಯ ಜೊತೆಗೆ ಆ ದನಿಯ ತುಣುಕನ್ನೂ ಫೋನಿನಲ್ಲೇ ಉಳಿಸಿಡಬೇಕು, ಖಚಿತವಿಲ್ಲದ ಅಂಕಿಯನ್ನು ಬೇರೆ ಬಣ್ಣದಲ್ಲಿ ತೋರಿಸಬೇಕು, ಕೊಯ್ದವರೂ ಅದನ್ನು ಒತ್ತಿ ಕೇಳುವಂತಿರಬೇಕು.